ಎಂಟೂವರೆ ತಿಂಗಳಿಗೆ ಯಾಕಾಗದು?

ಗುರುವಾರ ಬೆಳಿಗ್ಗೆ. ಅಂಗನವಾಡಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಮೇಜಿನ ಮೇಲೆ ಲಸಿಕೆಯ ಪೆಟ್ಟಿಗೆ, ಅದರಲ್ಲಿ ನಾಲ್ಕು ಐಸ್ ಪ್ಯಾಕುಗಳ ನಡುವೆ ಪ್ಲಾಸ್ಟಿಕ್ ಕವರಿನೊಳಗೆ ಸೀಸೆಗಳು. ಸಿಸ್ಟರ್ ದಡಾರ-ರುಬೆಲ್ಲಾ ಲಸಿಕೆಯ ಸೀಸೆ ಎತ್ತಿ ಮುಚ್ಚಳದ ಮೇಲಿನ ಪುಟ್ಟ ಚೌಕವನ್ನು ದಿಟ್ಟಿಸುತ್ತಾರೆ. ಸುತ್ತಲಿನ ವೃತ್ತಕ್ಕಿಂತ ಚೌಕದ ಬಣ್ಣ ತಿಳಿಯಾಗಿದ್ದರೆ ಲಸಿಕೆ ದಾರಿಯಲ್ಲಿ ಬಿಸಿಗೆ ಕೆಟ್ಟಿಲ್ಲ ಎಂದು ಲೆಕ್ಕ. ಪುಡಿಗೆ ದ್ರಾವಣ ಬೆರೆಸಿ, ಬೆರೆಸಿದ ಗಂಟೆಯನ್ನು ಲೇಬಲ್ಲಿನ ಮೇಲೆ ಬರೆಯುತ್ತಾರೆ. ಅಲ್ಲಿಂದ ಅದರ ಆಯುಸ್ಸು ನಾಲ್ಕು ಗಂಟೆ. ಆಮೇಲೆ ಉಳಿದದ್ದು ಕಸಕ್ಕೆ.

"ಸಿಸ್ಟರ್, ನಾಳೆ ಊರಿಗೆ ಹೋಗ್ತಿದ್ದೀವಿ. ಇವನಿಗೆ ಎಂಟೂವರೆ ಆಯ್ತು. ಒಂಬತ್ತು ತಿಂಗಳದ್ದು ಇವತ್ತೇ ಹಾಕ್ಬಿಡಿ."

"ಆಗಲ್ಲಮ್ಮ. ಒಂಬತ್ತು ತುಂಬಲಿ. ಆ ಊರಲ್ಲೇ ಹಾಕಿಸಿ, ಕಾರ್ಡ್ ಮಾತ್ರ ಮರೀಬೇಡಿ."

"ಹದಿನೈದು ದಿನಕ್ಕೆ ಏನಾಗಿಬಿಡುತ್ತೆ?"

ಸಿಸ್ಟರಿಗೆ ಉತ್ತರ ಕೊಡಲು ಪುರುಸೊತ್ತಿಲ್ಲ, ಸಾಲು ಉದ್ದವಿದೆ. ಆದರೆ ಪ್ರಶ್ನೆ ಒಳ್ಳೆಯದು. ತಾಯಿ ಕಾರ್ಡಿನಲ್ಲಿ ಅಚ್ಚಾಗಿರುವ ವಯಸ್ಸುಗಳನ್ನು ನೋಡಿ: ಹುಟ್ಟಿದ ದಿನ, ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ, ಆಮೇಲೆ ಐದೂವರೆ ತಿಂಗಳ ದೊಡ್ಡ ಬಿಡುವು, ಒಂಬತ್ತು, ಒಂದೂವರೆ ವರ್ಷದ ಸುಮಾರಿಗೆ ಮತ್ತೊಂದು. ಯಾರೋ ಕಚೇರಿಯಲ್ಲಿ ಕೂತು ತೋಚಿದಂತೆ ಬರೆದ ಪಟ್ಟಿಯ ಹಾಗೆ ಕಾಣುತ್ತದೆ. ನಿಜವಾಗಿ ಇದರ ಒಂದೊಂದು ಅಂಕಿಯೂ ಚೌಕಾಸಿ ಮಾಡಿ ಒಪ್ಪಿಕೊಂಡದ್ದು. ಕಾಯಿಲೆ ಎಷ್ಟು ಬೇಗ ಬರುತ್ತದೆ, ಮಗುವಿನ ಮೈ ಎಷ್ಟು ಬೇಗ ಕಲಿಯುತ್ತದೆ, ತಾಯಿ ಕೊಟ್ಟದ್ದು ಎಲ್ಲಿಯವರೆಗೆ ಬರುತ್ತದೆ, ಈ ಮೂರೂ ಆ ಚೌಕಾಸಿಯಲ್ಲಿ ಪಾಲುದಾರರು.

ಮೂರನೆಯದರಿಂದಲೇ ಶುರು ಮಾಡೋಣ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವಿಗೆ ದಾಟುತ್ತವೆ. ಇದು ತಾನಾಗಿ ಸೋರುವುದಲ್ಲ. ಮಾಸು ಅವುಗಳನ್ನು ಹಿಡಿದು ಆಚೆ ದಾಟಿಸುತ್ತದೆ. ಎಷ್ಟರ ಮಟ್ಟಿಗೆ ಎಂದರೆ ತಿಂಗಳು ತುಂಬಿ ಹುಟ್ಟಿದ ಕೂಸಿನ ರಕ್ತದಲ್ಲಿ ದಡಾರದ ಪ್ರತಿಕಾಯ ತಾಯಿಯಲ್ಲಿ ಇರುವುದಕ್ಕಿಂತ ಹೆಚ್ಚೇ ಇರುವುದುಂಟು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಈ ಪಾಲು ಕಡಿಮೆ. ತವರಿನಿಂದ ಕಟ್ಟಿಕೊಟ್ಟ ಬುತ್ತಿಯಂತೆ ಇದು ದಾರಿಗೆ ಆಗುತ್ತದೆ, ಮುಗಿದ ಮೇಲೆ ಮತ್ತೆ ತುಂಬಿಕೊಳ್ಳುವುದಿಲ್ಲ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. "ಎದೆಹಾಲು ಕೊಡ್ತಿದ್ದೀನಲ್ಲ, ಅದರಿಂದ ಬರಲ್ವಾ?" ಎಂದು ಕೇಳುವವರಿದ್ದಾರೆ. ಹಾಲಿನ ಪ್ರತಿಕಾಯಗಳ ಕಾವಲು ಕೂಸಿನ ಬಾಯಿ, ಗಂಟಲು, ಕರುಳಿನ ಒಳಪದರಕ್ಕೆ. ಅವು ರಕ್ತಕ್ಕೆ ಸೇರಿ ಖಾಲಿಯಾದದ್ದನ್ನು ತುಂಬುವುದಿಲ್ಲ.

ದಡಾರದ ಲಸಿಕೆ ಜೀವಂತ ವೈರಸ್ಸಿನದು. 1954ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರದ ಒಂದು ವಸತಿ ಶಾಲೆಯಲ್ಲಿ ಡೇವಿಡ್ ಎಡ್ಮನ್‌ಸ್ಟನ್ ಎಂಬ ಹುಡುಗನ ಗಂಟಲಿನಿಂದಲೂ ರಕ್ತದಿಂದಲೂ ತೆಗೆದ ವೈರಸ್ಸನ್ನು ಜಾನ್ ಎಂಡರ್ಸ್ ಅವರ ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಮತ್ತೆ ಮತ್ತೆ ಬೆಳೆಸಿ, ಮನುಷ್ಯನಿಗೆ ರೋಗ ತರುವ ಕಸುವನ್ನು ಕುಗ್ಗಿಸಲಾಯಿತು. ನಮ್ಮ ಮಕ್ಕಳಿಗೆ ಇವತ್ತು ಹಾಕುವ ಲಸಿಕೆಯಲ್ಲಿರುವುದು ಅದೇ ವೈರಸ್ಸಿನ ಒಂದು ಕವಲು. ಈ ಬಡಕಲು ವೈರಸ್ಸು ಮಗುವಿನ ಮೈಯಲ್ಲಿ ಕೆಲವು ದಿನ ಬದುಕಿ, ಒಂದಷ್ಟು ಮರಿ ಹಾಕಿದರೇ ಪಾಠವಾಗುವುದು. ಲಸಿಕೆ ಹಾಕಿಸಿ ಒಂದು ವಾರ, ಹತ್ತು ದಿನ ಕಳೆದ ಮೇಲೆ ಕೆಲವು ಮಕ್ಕಳಿಗೆ ಸಣ್ಣಗೆ ಜ್ವರ ಬಂದು, ಮೈಮೇಲೆ ನಸುಗೆಂಪು ಗುಳ್ಳೆ ಏಳುವುದು ಇದೇ ಕಾರಣಕ್ಕೆ.

ತಾಯಿಯ ಪ್ರತಿಕಾಯ ಇನ್ನೂ ಉಳಿದಿದ್ದರೆ ಆ ಮರಿ ಹಾಕುವ ಕೆಲಸ ಆಗುವುದಿಲ್ಲ. ಬಡಪಾಯಿ ವೈರಸ್ಸನ್ನು ಅವು ಬಂದ ಗಳಿಗೆಯಲ್ಲೇ ಹಿಡಿದು ಮುಗಿಸುತ್ತವೆ. ಸೂಜಿ ಚುಚ್ಚಿದ್ದಾಯಿತು, ಮಗು ಅತ್ತದ್ದಾಯಿತು, ಕಾರ್ಡಿನಲ್ಲಿ ತಾರೀಕು ಬಿತ್ತು. ಮೈ ಮಾತ್ರ ಏನೂ ಕಲಿಯಲಿಲ್ಲ. ಇದಕ್ಕಿಂತ ಪೇಚಿನ ಸಂಗತಿ ಇನ್ನೊಂದಿದೆ. ಪ್ರತಿಕಾಯ ಕರಗುತ್ತ ಬಂದು ಒಂದು ಹಂತಕ್ಕೆ ತಲುಪುತ್ತದೆ. ಆಗ ಊರಲ್ಲಿ ಸುತ್ತುವ ನಿಜವಾದ ದಡಾರವನ್ನು ತಡೆಯುವಷ್ಟು ಅದು ಇರುವುದಿಲ್ಲ, ಲಸಿಕೆಯ ಬಡಕಲು ವೈರಸ್ಸನ್ನು ಕೆಡಿಸುವಷ್ಟು ಇರುತ್ತದೆ. ಮಗು ಎರಡೂ ಕಡೆಯಿಂದ ಬರಿಗೈ. ಈ ಕಿಂಡಿ ಯಾವ ವಯಸ್ಸಿನಲ್ಲಿ ತೆರೆದು ಯಾವಾಗ ಮುಚ್ಚುತ್ತದೆ ಎನ್ನುವುದರ ಮೇಲೆಯೇ ಅರ್ಧ ಶತಮಾನ ವಾದ ನಡೆದದ್ದು.

ಅಮೆರಿಕದಲ್ಲಿ 1963ರಲ್ಲಿ ಲಸಿಕೆ ಬಂದಾಗ ಒಂಬತ್ತು ತಿಂಗಳಿಗೆ ಹಾಕಿ ಎಂದರು. ಎರಡು ವರ್ಷಕ್ಕೆ ಅದು ಹನ್ನೆರಡಾಯಿತು. 1976ರಲ್ಲಿ ಹದಿನೈದಕ್ಕೆ ಏರಿತು. ತಡಮಾಡಿದಷ್ಟೂ ಲಸಿಕೆ ಚೆನ್ನಾಗಿ ಹಿಡಿಯುತ್ತಿತ್ತು, ಕಾಯುವ ಆ ತಿಂಗಳುಗಳಲ್ಲಿ ಮಗುವಿಗೆ ದಡಾರ ತಗಲುವ ಭಯ ಅಲ್ಲಿ ಕಡಿಮೆಯಾಗುತ್ತ ಬಂದಿತ್ತು. ಆಫ್ರಿಕ, ಏಷ್ಯಾಗಳ ಮಾತೇ ಬೇರೆ. ಒಬ್ಬ ದಡಾರದ ರೋಗಿ, ರಕ್ಷಣೆಯಿಲ್ಲದವರ ನಡುವೆ ಹನ್ನೆರಡರಿಂದ ಹದಿನೆಂಟು ಮಂದಿಗೆ ಅಂಟಿಸಬಲ್ಲ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗೆ ಅದು ಕಾಲಿಟ್ಟರೆ ಹಸುಳೆಗಳಿಗೆ ಒಂದು ವರ್ಷದವರೆಗೆ ಬಿಡುವು ಕೊಡುವುದಿಲ್ಲ. 1970ರ ದಶಕದಲ್ಲಿ ಕೀನ್ಯಾದಲ್ಲಿ ನಡೆದ ಅಧ್ಯಯನಗಳು ಲೆಕ್ಕ ಹಾಕಿದ್ದು ಇದನ್ನೇ: ಬೇಗ ಹಾಕಿದರೆ ಲಸಿಕೆ ಎಷ್ಟು ಮಕ್ಕಳಲ್ಲಿ ಹುಸಿಯಾಗುತ್ತದೆ, ತಡಮಾಡಿದರೆ ಎಷ್ಟು ಮಕ್ಕಳಿಗೆ ಅಷ್ಟರೊಳಗೆ ದಡಾರ ಬಂದುಹೋಗುತ್ತದೆ? ಎರಡೂ ನಷ್ಟ ಸೇರಿ ಅತಿ ಕಡಿಮೆಯಾಗುವ ಜಾಗ ಒಂಬತ್ತು ತಿಂಗಳು. ಆ ವಯಸ್ಸಿನಲ್ಲಿ ಸುಮಾರು 100ಕ್ಕೆ 85 ಮಕ್ಕಳಲ್ಲಿ ಲಸಿಕೆ ಹಿಡಿಯುತ್ತದೆ. ವರ್ಷ ತುಂಬಿದವರಲ್ಲಿ 95ರ ಆಸುಪಾಸು. ಆ ಹತ್ತು ಮಕ್ಕಳನ್ನು ತಿಳಿದೂ ತಿಳಿದೂ ಬಿಟ್ಟುಕೊಟ್ಟದ್ದರಿಂದ ಒಂಬತ್ತು ಎಂಬ ಅಂಕಿ ನಮ್ಮ ಕಾರ್ಡಿಗೆ ಬಂತು.

ಹಾಗೆ ಬಿಟ್ಟುಕೊಡಲು ಮನಸ್ಸಾಗದವರೂ ಇದ್ದರು. ಲಸಿಕೆಯ ವೈರಸ್ಸನ್ನು ಸಾಮಾನ್ಯ ಪ್ರಮಾಣಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ತುಂಬಿ ಕೊಟ್ಟರೆ ತಾಯಿಯ ಪ್ರತಿಕಾಯ ಎಷ್ಟನ್ನು ಕೊಂದೀತು? ಕೆಲವಾದರೂ ಉಳಿದಾವು. ಈ ಯೋಚನೆಯ ಮೇಲೆ ಆರು ತಿಂಗಳಿಗೇ ಹಾಕುವ ಲಸಿಕೆಯನ್ನು ಪರೀಕ್ಷಿಸಿದರು. ಪ್ರತಿಕಾಯ ಚೆನ್ನಾಗಿಯೇ ಹುಟ್ಟಿತು, ದಡಾರವೂ ತಡೆಯಿತು. ದಡಾರ ಹೆಚ್ಚಿರುವ ಕಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಅಷ್ಟರಲ್ಲಿ ಗಿನಿ-ಬಿಸಾವು, ಸೆನೆಗಲ್, ಹೈಟಿಗಳಿಂದ ಬೇರೆಯೇ ವರದಿ ಬರತೊಡಗಿತು. ಮಕ್ಕಳು ದಡಾರದಿಂದ ಸಾಯುತ್ತಿರಲಿಲ್ಲ. ಆದರೆ ಈ ಜಾಸ್ತಿ ಪ್ರಮಾಣದ ಲಸಿಕೆ ಪಡೆದ ಹೆಣ್ಣುಮಕ್ಕಳು, ಒಂಬತ್ತು ತಿಂಗಳಿಗೆ ಸಾಮಾನ್ಯ ಲಸಿಕೆ ಪಡೆದ ಹೆಣ್ಣುಮಕ್ಕಳಿಗಿಂತ ಮುಂದಿನ ಎರಡು ಮೂರು ವರ್ಷಗಳಲ್ಲಿ ಬೇರೆ ಬೇರೆ ಕಾಯಿಲೆಗಳಿಂದ ಹೆಚ್ಚಾಗಿ ಸಾಯುತ್ತಿದ್ದರು. ಗಂಡುಮಕ್ಕಳಲ್ಲಿ ಅಂಥದ್ದು ಕಾಣಲಿಲ್ಲ. 1992ರಲ್ಲಿ ಶಿಫಾರಸನ್ನು ಹಿಂತೆಗೆದುಕೊಂಡರು. ಯಾಕೆ ಹಾಗಾಯಿತು ಎನ್ನುವುದರ ಬಗ್ಗೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ. ಲಸಿಕೆಯ ಇತಿಹಾಸ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದು ಹೇಳಲೇಬೇಕಾದ ಕತೆ ಅನಿಸುತ್ತದೆ: ಪ್ರತಿಕಾಯದ ಅಂಕಿ ಮಾತ್ರ ನೋಡಿ ಕೈತೊಳೆದುಕೊಂಡಿದ್ದರೆ ಈ ಕೆಡುಕು ಬೆಳಕಿಗೇ ಬರುತ್ತಿರಲಿಲ್ಲ. ಮನೆಮನೆಗೆ ಹೋಗಿ ಯಾವ ಮಗು ಬದುಕಿದೆ, ಯಾವುದು ಇಲ್ಲ ಎಂದು ವರ್ಷಗಟ್ಟಲೆ ಪಟ್ಟಿ ಮಾಡಿದವರಿಂದ ಅದು ಗೊತ್ತಾಯಿತು.

ಒಂಬತ್ತು ತಿಂಗಳಿಗೆ ಹಿಡಿಯದೇ ಹೋದ ಆ ಹದಿನೈದು ಮಕ್ಕಳು? ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಹಾಕುವ ಎರಡನೆಯ ಸೂಜಿ ಮುಖ್ಯವಾಗಿ ಅವರಿಗೋಸ್ಕರ ಇರುವುದು. ಅವರು ಯಾರೆಂದು ನೋಡಿ ಹೇಳುವಂತಿಲ್ಲವಾದ್ದರಿಂದ ಎಲ್ಲರಿಗೂ ಹಾಕುತ್ತಾರೆ. "ಒಂದು ಆಗಿದೆಯಲ್ಲ, ಇನ್ನೊಂದು ಬರೀ ಬೂಸ್ಟರ್ ತಾನೇ" ಎಂದು ಬಿಡುವವರ ಮಗುವೇ ಆ ಹದಿನೈದರಲ್ಲಿ ಒಂದಾಗಿರಬಹುದು. ಮೊದಲ ಸಲದ ಹೊತ್ತಿಗೆ ಆ ಮಗುವಿನ ಮೈಯಲ್ಲಿ ತಾಯಿಯ ಪಾಲು ಇನ್ನೂ ಉಳಿದಿತ್ತು, ಅಷ್ಟೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ದಡಾರದ ಎರಡನೆಯ ಸುತ್ತು ಸೇರಿದ್ದು 2010ರ ನಂತರ. 2017ರ ಫೆಬ್ರುವರಿಯಲ್ಲಿ ಅದಕ್ಕೆ ರುಬೆಲ್ಲಾ ಜೊತೆಯಾಯಿತು. ಆ ಅಭಿಯಾನಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ರುಬೆಲ್ಲಾ ಮಗುವಿಗೆ ದೊಡ್ಡ ಕಾಯಿಲೆಯೇನಲ್ಲ. ಇವತ್ತಿನ ಹೆಣ್ಣುಮಗು ಮುಂದೆ ಬಸುರಿಯಾದಾಗ ಅದು ತಗಲಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಒಂಬತ್ತು ತಿಂಗಳ ತೋಳಿಗೆ ಹಾಕುವ ಸೂಜಿ ಇಪ್ಪತ್ತು ಮೂವತ್ತು ವರ್ಷದಾಚೆಯ ಮಗುವಿನ ಲೆಕ್ಕವನ್ನೂ ಹಿಡಿದಿದೆ.

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ನಮ್ಮ ಅಜ್ಜಿಯರಿಗೆ ದಡಾರವೇ ಬಂದುಹೋಗಿತ್ತು. ಅವರ ಪ್ರತಿಕಾಯ ಗಟ್ಟಿ, ಮಕ್ಕಳಿಗೆ ದಾಟಿದ್ದೂ ಹೆಚ್ಚು. ಇವತ್ತಿನ ತಾಯಂದಿರಲ್ಲಿ ಬಹಳ ಜನ ಲಸಿಕೆಯಿಂದ ರಕ್ಷಣೆ ಪಡೆದವರು. ಅವರು ಕೊಡುವುದು ಕಡಿಮೆ, ಅದು ಮುಗಿಯುವುದೂ ಬೇಗ. ಹಾಗಾಗಿ ಕಿಂಡಿ ಮೊದಲಿಗಿಂತ ಎಳೆಯ ವಯಸ್ಸಿನಲ್ಲೇ ತೆರೆಯುತ್ತಿದೆ. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಹರಡಿದಾಗ, ತೀರ ಹೆಚ್ಚಿದ್ದ ಕಡೆಗಳಲ್ಲಿ ಆರು ತಿಂಗಳು ತುಂಬಿದ ಮಕ್ಕಳಿಗೂ ಒಂದು ಸುತ್ತು ಹಾಕಲು ಕೇಂದ್ರ ಸರ್ಕಾರ ಸೂಚಿಸಿತು. ಅದಕ್ಕೆ ಸೊನ್ನೆಯ ಡೋಸ್ ಎಂದು ಹೆಸರು, ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಮಕ್ಕಳು ಒಂಬತ್ತಕ್ಕೂ ಆಮೇಲಿನದಕ್ಕೂ ಮತ್ತೆ ಬರಲೇಬೇಕು. ಎಂಟೂವರೆ ತಿಂಗಳಿಗೆ ಹಾಕಿಸಿದರೂ ಕತೆ ಅದೇ. ಮನೆಯ ಪಕ್ಕದಲ್ಲೇ ದಡಾರ ಸುತ್ತುತ್ತಿದ್ದರೆ ಆ ಬೇಗದ ಸೂಜಿಗೆ ಅರ್ಥವಿದೆ. ಬಸ್ಸಿನ ಟಿಕೆಟ್ ಬುಕ್ ಆಗಿದೆ ಎಂಬ ಕಾರಣಕ್ಕಾದರೆ ಮಗುವಿಗೆ ಒಂದು ಚುಚ್ಚು ಹೆಚ್ಚು, ಅಷ್ಟೆ.

ಇಷ್ಟೆಲ್ಲ ಒಂದು ದಡಾರಕ್ಕೆ ಯಾಕೆ ಎಂದರೆ, ಅದು ಬಂದು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಲಸಿಕೆ ಹಾಕಿಸದ ಡಚ್ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು, ನಂತರ ಹೋಲಿಸಿ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ರೋಗಗಳ ವಿರುದ್ಧ ಮೊದಲೇ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು. "ಅಮ್ಮ ಬಂದು ಹೋದಳು, ಇನ್ನೇನೂ ಇಲ್ಲ" ಎಂದು ಬೇವಿನೆಲೆಯ ನೀರು ಹಾಕಿ ಎಬ್ಬಿಸಿದ ಮಗು, ಮುಂದಿನ ತಿಂಗಳುಗಳಲ್ಲಿ ಭೇದಿಗೋ ನ್ಯುಮೋನಿಯಾಕ್ಕೋ ತುತ್ತಾಗುತ್ತಿದ್ದುದರ ಹಿಂದೆ ಇದೂ ಇತ್ತು.

ಎಲ್ಲ ಲಸಿಕೆಗೂ ಕಾಯುವ ಸೌಕರ್ಯವಿಲ್ಲ. ಹೆಪಟೈಟಿಸ್-ಬಿಗೆ ಇರುವುದು ಬರಿಯ ಓಟ. ತಾಯಿಯಲ್ಲಿ ಆ ವೈರಸ್ಸಿದ್ದರೆ ಹೆರಿಗೆಯ ಹೊತ್ತಿನಲ್ಲೇ ಮಗುವಿಗೆ ಬರಬಹುದು. ದೊಡ್ಡವರಿಗೆ ಈ ಸೋಂಕು ತಗುಲಿದರೆ 100ಕ್ಕೆ ಐದು ಜನರಲ್ಲೂ ಅದು ಖಾಯಂ ಆಗುವುದಿಲ್ಲ. ಹುಟ್ಟುವಾಗಲೇ ತಗುಲಿದ ಮಕ್ಕಳಲ್ಲಿ 90ರಷ್ಟು ಮಂದಿಯ ಯಕೃತ್ತಿನಲ್ಲಿ ಅದು ಬೀಡುಬಿಡುತ್ತದೆ, ದಶಕಗಳಾದ ಮೇಲೆ ಯಕೃತ್ತು ಕೆಡುವುದು, ಕ್ಯಾನ್ಸರ್. ಅದಕ್ಕೇ ಮೊದಲ ಸೂಜಿ ಹುಟ್ಟಿದ 24 ಗಂಟೆಯೊಳಗೆ. ಜೊತೆಗೆ ಎಡತೋಳಿಗೆ ಬಿಸಿಜಿ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ದನದ ಕ್ಷಯದ ಬ್ಯಾಕ್ಟೀರಿಯವನ್ನು ಹದಿಮೂರು ವರ್ಷ ಪಿತ್ತರಸದಲ್ಲಿ ನೆನೆಸಿದ ಆಲೂಗಡ್ಡೆ ಚೂರಿನ ಮೇಲೆ ಬೆಳೆಸಿ ಬೆಳೆಸಿ ಸಾಧುಮಾಡಿದ್ದು ಅದು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯುವುದಿಲ್ಲ ಎಂದು 1968ರಲ್ಲಿ ಶುರುವಾದ ಚೆಂಗಲ್‌ಪಟ್ಟು ಪ್ರಯೋಗವೇ ತೋರಿಸಿತು. ಎಳೆಯ ಮಕ್ಕಳ ಮಿದುಳಿನ ಪೊರೆಗೆ ಏರುವ ಕ್ಷಯಕ್ಕೆ ಮಾತ್ರ ಅದು ಒಳ್ಳೆಯ ತಡೆ, ಆದ್ದರಿಂದಲೇ ಹುಟ್ಟಿದ ಕೂಡಲೇ ಕೊಡುವುದು. ಕಲೆ ಬೀಳಲಿಲ್ಲ ಎಂದು ಗಾಬರಿಯಾಗಿ ಓಡಿಬರುವ ಅಜ್ಜಿಯರಿಗೆ ಒಂದು ಮಾತು: ಕಲೆ ಬೀಳದಿದ್ದರೂ ಮತ್ತೆ ಹಾಕಬೇಕಿಲ್ಲ.

ಒಂದೂವರೆ ತಿಂಗಳಿನದು ನಾಯಿಕೆಮ್ಮಿನ ಹೆದರಿಕೆಯಿಂದ ಗೊತ್ತಾದ ವಯಸ್ಸು. ಆ ಕಾಯಿಲೆಯ ವಿರುದ್ಧ ತಾಯಿಯಿಂದ ಬರುವ ಪ್ರತಿಕಾಯ ಸಾಮಾನ್ಯವಾಗಿ ಅಲ್ಪ, ಬೇಗ ಕರಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಬಂದರೆ ಆ ಪ್ರಸಿದ್ಧ ಕೆಮ್ಮಿನ ಕೂಗೂ ಕೇಳದೆ, ಉಸಿರೇ ನಿಂತು ಮೈ ನೀಲಿಗಟ್ಟಬಹುದು. ಧನುರ್ವಾಯುವಿಗೆ ಹಾಗಿಲ್ಲ, ಬಸುರಿಗೆ ಹಾಕುವ ಟಿಡಿ ಸೂಜಿಯ ಪ್ರತಿಕಾಯವೇ ಕೂಸಿಗೆ ಮೊದಲ ವಾರಗಳ ಕಾವಲು. ಇವೆರಡೂ, ಗಂಟಲಮಾರಿ, ಹೆಪಟೈಟಿಸ್-ಬಿ, ಹಿಬ್ ಎಂಬ ಬ್ಯಾಕ್ಟೀರಿಯ ಸೇರಿ ಈಗಿನ ಐದರ ಒಂದು ಸೂಜಿ, ಪೆಂಟಾ. ಹಿಬ್ ಮೈಮೇಲೆ ಸಕ್ಕರೆಯ ಸರಪಳಿಯ ಹೊದಿಕೆ ಹೊದ್ದಿರುತ್ತದೆ. ಎರಡು ವರ್ಷದೊಳಗಿನ ಮಗುವಿನ ಮೈಗೆ ಬರೀ ಸಕ್ಕರೆಯನ್ನು ಗುರುತಿಟ್ಟುಕೊಳ್ಳುವ ಶಕ್ತಿ ಬಂದಿರುವುದಿಲ್ಲ. 1985ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಹಿಬ್ ಲಸಿಕೆ ಎರಡು ವರ್ಷ ದಾಟಿದವರಿಗಷ್ಟೇ ಆಗುತ್ತಿತ್ತು, ಕಾಯಿಲೆ ಬರುತ್ತಿದ್ದುದೋ ಹೆಚ್ಚಾಗಿ ಅದಕ್ಕಿಂತ ಚಿಕ್ಕವರಿಗೆ. ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿ ಕೊಟ್ಟಾಗ ಆರು ವಾರದ ಮಗುವೂ ಕಲಿಯಿತು. ನ್ಯುಮೋನಿಯಾಕ್ಕೆ ಕೊಡುವ ಪಿಸಿವಿ ಲಸಿಕೆಯದೂ ಇದೇ ಉಪಾಯ.

ಒಂದು ಸೂಜಿಗೂ ಮುಂದಿನದಕ್ಕೂ ನಡುವೆ ಕನಿಷ್ಠ ನಾಲ್ಕು ವಾರ ಬಿಡುವುದು, ಮೊದಲ ಪಾಠದಿಂದ ಹುಟ್ಟಿದ ಕಣಗಳು ದುಗ್ಧಗ್ರಂಥಿಯಲ್ಲಿ ಹದವಾಗಲಿ ಎಂದು. ಅವಸರ ಮಾಡಿದರೆ ಎರಡನೆಯ ಡೋಸಿನ ಗುಣ ಕುಗ್ಗುತ್ತದೆ. ತಡವಾದರೆ ಅಂಥ ನಷ್ಟವಿಲ್ಲ. ನೆನಪಿನ ಕಣಗಳು ಕಾಯುತ್ತವೆ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಸಾಕು, ಮೊದಲಿಂದ ಹಾಕಬೇಕಿಲ್ಲ. ಇದು ಗೊತ್ತಿಲ್ಲದೆ "ತಪ್ಪಿಹೋಯಿತು, ಇನ್ನು ಬೈತಾರೆ" ಎಂದು ಆ ಕಡೆ ತಲೆ ಹಾಕದವರು ಎಷ್ಟೋ. ನಮ್ಮಲ್ಲಿ ತಪ್ಪಿಹೋಗುವುದಕ್ಕೆ ಒಂದು ಖಾಸಾ ದಾರಿಯಿದೆ. ಮೊದಲ ಮೂರು ಸುತ್ತು ಬಾಣಂತನಕ್ಕೆಂದು ಬಂದ ತವರಿನಲ್ಲಿ ಆಗುತ್ತವೆ, ಅಲ್ಲಿಯ ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಕರೆಯುತ್ತಾಳೆ. ಮೂರು ತಿಂಗಳಿಗೋ ಐದಕ್ಕೋ ತಾಯಿ ಮಗು ಗಂಡನ ಮನೆ ಸೇರುತ್ತಾರೆ. ಅಲ್ಲಿಯ ಆಶಾಳ ಪಟ್ಟಿಯಲ್ಲಿ ಈ ಮಗುವಿನ ಹೆಸರಿರುವುದಿಲ್ಲ, ಕಾರ್ಡು ತವರಿನ ಟ್ರಂಕಿನಲ್ಲಿ. ಒಂಬತ್ತು ತಿಂಗಳದ್ದು ಬರುವುದು ಇದಾದ ಮೇಲೆ.

ತಡವಾದರೂ ನಡೆಯುತ್ತದೆ ಎಂಬ ಮಾತಿಗೆ ಒಗ್ಗದ ಲಸಿಕೆಯೊಂದಿದೆ, ಬಾಯಿಗೆ ಹಾಕುವ ರೋಟಾ. ರೋಟಾ ವೈರಸ್ಸು ಮಕ್ಕಳಿಗೆ ನೀರು ನೀರಾದ ಭೇದಿ ತರಿಸುವಂಥದು. 1980ರ ದಶಕದ ನಡುವಿನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಮತ್ತು ಸಂಗಡಿಗರು ಒಂದು ವಿಚಿತ್ರ ಗಮನಿಸಿದರು. ಆಗತಾನೆ ಹುಟ್ಟಿದ ಕೂಸುಗಳ ಮಲದಲ್ಲಿ ರೋಟಾ ವೈರಸ್ಸಿತ್ತು, ಕೂಸುಗಳಿಗೆ ಭೇದಿ ಇರಲಿಲ್ಲ. ಮುಂದೆಯೂ ಆ ಮಕ್ಕಳಿಗೆ ರೋಟಾ ಭೇದಿ ಜೋರಾಗಿ ಬರಲಿಲ್ಲ. ಆ ವೈರಸ್ಸಿನ ಹೆಸರು 116ಇ. ಮನುಷ್ಯರ ರೋಟಾಕ್ಕೆ ದನದ ರೋಟಾದ ಒಂದು ವಂಶವಾಹಿ ಸೇರಿಕೊಂಡು ತಾನಾಗಿಯೇ ಆದ ಬೆರಕೆ ಅದು. ಬೆಂಗಳೂರಿನಲ್ಲೂ ಅಂಥದ್ದೇ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಇಲ್ಲಿಯ ಆಸ್ಪತ್ರೆಗಳಲ್ಲಿ ಹುಟ್ಟಿದ, ಭೇದಿಯಿಲ್ಲದ ಕೂಸುಗಳಿಂದ ತೆಗೆದದ್ದು ಐ321. ಇದರಲ್ಲಿ ದನದ್ದೇ ಹೆಚ್ಚು, ಮನುಷ್ಯರದು ಎರಡೇ ತುಣುಕು. ಎರಡನ್ನೂ ಲಸಿಕೆಯಾಗಿಸಿ ದೆಹಲಿಯ ಮಕ್ಕಳಲ್ಲಿ ಪರೀಕ್ಷಿಸಿದಾಗ 116ಇ ಚೆನ್ನಾಗಿ ಹಿಡಿಯಿತು, ಬೆಂಗಳೂರಿನದು ಸೋತಿತು. ಗೆದ್ದದ್ದು 2014ರಲ್ಲಿ ಪರವಾನಗಿ ಪಡೆದು 2016ರಿಂದ ಸರ್ಕಾರಿ ಕಾರ್ಯಕ್ರಮಕ್ಕೆ ಬಂತು. ಜೋರಾದ ರೋಟಾ ಭೇದಿಯನ್ನು ಮೊದಲ ವರ್ಷದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಡೆಯುತ್ತದೆ. ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳು ಕೊಡುವ ರಕ್ಷಣೆಗೆ ಹೋಲಿಸಿದರೆ ಇದು ಕಡಿಮೆಯೇ. ನಮ್ಮ ಮಕ್ಕಳ ಕರುಳಿನ ಸ್ಥಿತಿ, ತಾಯಿಯ ಪ್ರತಿಕಾಯ ಎಲ್ಲವೂ ಅದಕ್ಕೆ ಕಾರಣ. ಆದರೆ ಭೇದಿಗೆ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಇಲ್ಲಿ ಎಷ್ಟು ದೊಡ್ಡದೆಂದರೆ ಅರ್ಧ ತಪ್ಪಿದರೂ ಭಾರಿ ಲಾಭ.

ಈ ಲಸಿಕೆಗೆ ವಯಸ್ಸಿನ ಮೇಲ್ಮಿತಿ ಬಂದದ್ದು ಹಳೆಯ ಅನುಭವದಿಂದ. ಅಮೆರಿಕದ ಮೊದಲ ರೋಟಾ ಲಸಿಕೆ, ರೋಟಾಶೀಲ್ಡ್, ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ಸರಿದು ಸಿಕ್ಕಿಕೊಳ್ಳುವ ತೊಂದರೆ ತಂದು, ಬಂದ ಮರುವರ್ಷ 1999ರಲ್ಲೇ ಮಾರುಕಟ್ಟೆಯಿಂದ ಹೋಯಿತು. ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಹಾಗಾಗುತ್ತಿತ್ತು. ಆ ತೊಂದರೆ ಲಸಿಕೆಯಿಲ್ಲದೆಯೂ ಮಕ್ಕಳಿಗೆ ಬರುವುದುಂಟು, ನಾಲ್ಕರಿಂದ ಒಂಬತ್ತು ತಿಂಗಳ ನಡುವೆ ಹೆಚ್ಚು. ಮೊದಲ ವಾರಗಳಲ್ಲಿ ಅಪರೂಪ. ಆದ್ದರಿಂದ ಆಮೇಲೆ ಬಂದ, ಎಷ್ಟೋ ಪಾಲು ಸುರಕ್ಷಿತವಾದ ಲಸಿಕೆಗಳಿಗೂ ಮೊದಲ ಡೋಸು ಹದಿನೈದು ವಾರದೊಳಗೇ ಆಗಲಿ ಎಂದರು. ಆದರೆ ಬಡ ದೇಶಗಳಲ್ಲಿ ತಡವಾಗಿ ಬರುವ ಮಕ್ಕಳೇ ಭೇದಿಯಿಂದ ಸಾಯುವ ಮಕ್ಕಳು. ಅವರನ್ನು ಹಿಂದಕ್ಕೆ ಕಳಿಸಿದರೆ, ತಪ್ಪಿಸಿದ ಕರುಳಿನ ತೊಂದರೆಗಿಂತ ಭೇದಿಯ ಸಾವು ಎಷ್ಟೋ ಪಟ್ಟು ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಟ್ಟು ಸಡಿಲಿಸಿತು. ಭಾರತದಲ್ಲಿ ಈಗ ಮಗುವಿಗೆ ಒಂದು ವರ್ಷ ತುಂಬುವ ಮೊದಲು ಮೊದಲ ಹನಿ ಬಿದ್ದಿದ್ದರೆ ಉಳಿದ ಎರಡನ್ನು ಮುಗಿಸುತ್ತಾರೆ. ಹದಿಮೂರು ತಿಂಗಳ ಮಗುವನ್ನು ಮೊದಲ ಸಲ ಕರೆತಂದರೆ ದಡಾರದ್ದು ಸಿಗುತ್ತದೆ, ಐದು ವರ್ಷದವರೆಗೂ ಸಿಗುತ್ತದೆ. ಪೆಂಟಾ ಬದಲು ಡಿಪಿಟಿ ಹಾಕುತ್ತಾರೆ. ಪೋಲಿಯೊ ಹನಿಯೂ ಉಂಟು. ರೋಟಾದ ಕಾಲಮ್ಮಿಗೆ ಮಾತ್ರ ಸಿಸ್ಟರ್ ಅಡ್ಡಗೆರೆ ಎಳೆಯುತ್ತಾರೆ.